ಹೊದಿಕೆಯನ್ನು ಸುಟ್ಟು ಚಳಿಗೆ ನಡುಗುವ ಊರು

ಮಾರ್ಗಶಿರ ಕಳೆದು ಪುಷ್ಯ ಕಾಲಿಟ್ಟಿತೆಂದರೆ ಶಿವಮೊಗ್ಗ–ಭದ್ರಾವತಿ ಸುತ್ತಿನ ಊರುಗಳ ಮೇಲೆ ಬೆಳಗಿನ ಜಾವ ಎರಡು ಬಗೆಯ ಮಸುಕು ಕವಿಯುತ್ತದೆ. ಒಂದು ಮಂಜು; ಅದು ಕಾಲಧರ್ಮ. ಇನ್ನೊಂದು ಹೊಗೆ; ಅದು ಮನುಷ್ಯನ ಕೃತ್ಯ. ಅಂಗಳ, ರಸ್ತೆಬದಿ, ತೋಟದ ಅಂಚು, ಶಾಲೆಯ ಆವರಣ ಎಲ್ಲೆಡೆಯೂ ಉದುರಿದೆಲೆಯನ್ನು ಗುಡಿಸಿ ರಾಶಿ ಹಾಕಿ ಬೆಂಕಿ ಇಡಲಾಗುತ್ತದೆ. ಹತ್ತು ನಿಮಿಷ ಕೈಕಾಲು ಬೆಚ್ಚಗಾಗುತ್ತವೆ. ಬೆಂಕಿ ಆರುತ್ತದೆ, ಜನ ಚದುರುತ್ತಾರೆ. ಅದೇ ಮನೆಯವರು ಮಧ್ಯಾಹ್ನ ಪೇಟೆಗೆ ಹೋಗಿ, ಚಳಿಗೆ ಮಂಕಾದ ಮಲ್ಲಿಗೆ ಬಳ್ಳಿಗೆ ಹೊದಿಸಲೆಂದು ಪ್ಲಾಸ್ಟಿಕ್ ಹಾಳೆ ಕೊಂಡು ತರುತ್ತಾರೆ. ಬೆಳಿಗ್ಗೆ ಸುಟ್ಟದ್ದೂ ಹೊದಿಕೆಯೇ, ಮಧ್ಯಾಹ್ನ ಕೊಂಡದ್ದೂ ಹೊದಿಕೆಯೇ. ಮೊದಲನೆಯದನ್ನು ಮರ ಬಿಟ್ಟಿಯಾಗಿ ಕೊಟ್ಟಿತ್ತು. ಎರಡನೆಯದಕ್ಕೆ ಹಣ ತೆರಬೇಕಾಯಿತು. ಎರಡು ವರ್ಷಕ್ಕೆ ಹರಿದು ಚಿಂದಿಯಾಗಿ ಅದು ಮತ್ತೆ ಅದೇ ಬೆಂಕಿಗೆ ಬೀಳುತ್ತದೆ, ಈ ಬಾರಿ ವಿಷದ ಹೊಗೆಯಾಗಿ.

ಚಳಿಗಾಲದಲ್ಲಿ ಗಿಡಗಳನ್ನೂ ದನಕರುಗಳನ್ನೂ ಕಾಯುವುದು ಹೇಗೆಂಬ ಪ್ರಶ್ನೆಗೆ ಇಂದು ಸಿಗುವ ಉತ್ತರಗಳೆಲ್ಲ ಅಂಗಡಿಯ ದಾರಿಯನ್ನೇ ತೋರಿಸುತ್ತವೆ. ಆದರೆ ಊರು ತನ್ನ ತಲೆಯ ಮೇಲಿನ ಮರವನ್ನೂ ಕಾಲ ಕೆಳಗಿನ ಎಲೆಯನ್ನೂ ಕಳೆದುಕೊಂಡ ಮೇಲೆಯೇ ಚಳಿ ಅದಕ್ಕೆ ಶತ್ರುವಾಗುವುದು. ಈ ಸರಳ ಸತ್ಯವನ್ನು ಸೋಗಾನೆಯಂಥ ಊರು ಬೇಗ ಅರಿತುಕೊಳ್ಳದಿದ್ದರೆ ಮುಂದಿನ ತಲೆಮಾರಿಗೆ ಉಳಿಯುವುದು ಬೋಳು ನೆಲ ಮತ್ತು ಬಿಲ್ಲಿನ ಪುಸ್ತಕ.

ಇಲ್ಲಿ ಹಿಮ ಬೀಳುವುದಿಲ್ಲ

ಮೊದಲು ವಾಸ್ತವವನ್ನು ಒಪ್ಪಿಕೊಳ್ಳಬೇಕು. ಸೋಗಾನೆಯಲ್ಲಿ ಬಾನಿಯ ನೀರು ಹೆಪ್ಪುಗಟ್ಟುವುದಿಲ್ಲ. ಭಾರತೀಯ ಹವಾಮಾನ ಇಲಾಖೆಯ ಸಾಮಾನ್ಯ ಅಳತೆಗೋಲಿನಂತೆ, ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಡಿಮೆಯಾದಾಗ ಅದನ್ನು ಶೀತಗಾಳಿ ಎನ್ನಲಾಗುತ್ತದೆ. ಗುಡ್ಡಗಾಡಿಗೆ ಆ ಮಿತಿ ಸೊನ್ನೆ ಡಿಗ್ರಿ. ಸಮುದ್ರಮಟ್ಟದಿಂದ ಇನ್ನೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿಯೂ ದಾಖಲೆಯ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಮಲೆನಾಡಿನ ಸೆರಗಿನ ಊರುಗಳಲ್ಲಿ ಪುಷ್ಯದ ಚಳಿ ಎಲುಬಿಗೆ ತಟ್ಟುವುದು ನಿಜ. ಆದರೆ ಅದು ಮಂಜುಗಡ್ಡೆಯ ಚಳಿಯಲ್ಲ.

ಹಾಗೆಂದು ಅದು ನಿರಪಾಯವೂ ಅಲ್ಲ. ಈ ನೆಲದ ಬೆಳೆಗಳು ಬಿಸಿನಾಡಿನ ಮಕ್ಕಳು. ಅಡಿಕೆ ಮರ ನೆಮ್ಮದಿಯಿಂದಿರುವುದು 14ರಿಂದ 36 ಡಿಗ್ರಿಯ ನಡುವೆ. 10 ಡಿಗ್ರಿಗಿಂತ ಕೆಳಗಿಳಿದರೆ ಅದಕ್ಕೆ ಪೆಟ್ಟು. ಬಾಳೆಯ ಬೆಳವಣಿಗೆ ಚಳಿ ಹೆಚ್ಚಿದಂತೆ ನಿಂತೇಹೋಗುತ್ತದೆ. ಕಾಳುಮೆಣಸಿನ ಎಳೆ ಬಳ್ಳಿ, ಪಪ್ಪಾಯಿ, ಕೋಕೋ, ಹೊಸದಾಗಿ ನೆಟ್ಟ ಅಡಿಕೆ ಸಸಿ ಇವೆಲ್ಲ ಚಳಿಯೊಂದಿಗೆ ಒಣಗಾಳಿಯೂ ಸೇರಿದಾಗ ಸೊರಗುತ್ತವೆ. ಮಾವಿನ ಹೂವಿನ ಮೇಲೆ ರಾತ್ರಿಯ ತಂಪು, ಹಗಲಿನ ಬೆಚ್ಚಗಿನ ಒಣಹವೆ ಜತೆಗೂಡಿದರೆ ಬೂದಿರೋಗ ಹಬ್ಬುತ್ತದೆ. ಇಲ್ಲಿನ ಚಳಿ ಒಂದೇ ರಾತ್ರಿಯಲ್ಲಿ ಕೊಲ್ಲುವುದಿಲ್ಲ, ತಿಂಗಳುಗಟ್ಟಲೆ ನಿತ್ರಾಣಗೊಳಿಸುತ್ತದೆ.

ನಿಜವಾದ ಹಿಮದ ಚಳಿಯನ್ನು ಕಾಣಬೇಕೆಂದರೆ ದಕ್ಷಿಣಕ್ಕೆ, ಕರ್ನಾಟಕದ ಗಡಿಗೆ ತಾಗಿದ ನೀಲಗಿರಿ ಬೆಟ್ಟಗಳಿಗೆ ಹೋಗಬೇಕು. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ಹಟ್ಟಿಗಳಿರುವ ಆ ಸೀಮೆಯಲ್ಲಿ ಡಿಸೆಂಬರ್–ಜನವರಿಯ ನಿರಭ್ರ ರಾತ್ರಿಗಳಲ್ಲಿ ಇಬ್ಬನಿಯೇ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಚಹದ ಚಿಗುರು ಸುಟ್ಟಂತೆ ಕಪ್ಪಾಗುತ್ತದೆ. ಅಲ್ಲಿಯ ಬೆಳೆಗಾರರು ಎಳೆಯ ಗಿಡಗಳಿಗೆ ಜರೀಗಿಡದ ಸೊಪ್ಪು, ಒಣಹುಲ್ಲು ಹೊದಿಸುತ್ತಾರೆ. ಸೂರ್ಯ ಹುಟ್ಟುವ ಮುನ್ನ ನೀರು ಚಿಮುಕಿಸಿ ಎಲೆಯ ಮೇಲಿನ ಹಿಮವನ್ನು ಕರಗಿಸುತ್ತಾರೆ. 1848ರಲ್ಲಿ ಸ್ಥಾಪನೆಯಾದ ಊಟಿಯ ಸಸ್ಯೋದ್ಯಾನದಲ್ಲಿಯೂ ಹೂಗಿಡಗಳಿಗೆ ಗಿಡದ ರೆಂಬೆಗಳ ಮರೆ ಕಟ್ಟುವುದು ವಾಡಿಕೆ. ಹಿಮ ಬೀಳುವ ನಾಡಿನಲ್ಲಿಯೇ ಸೊಪ್ಪು, ಹುಲ್ಲು ಮತ್ತು ನೀರಿನಿಂದ ಗಿಡ ಕಾಯಬಹುದಾದರೆ ಹಿಮವೇ ಬೀಳದ ಸೋಗಾನೆಗೆ ಪ್ಲಾಸ್ಟಿಕ್ ಹಾಳೆಯ ಅಗತ್ಯವೇನು?

ಚಳಿ ಎಲ್ಲಿಂದ ಬರುತ್ತದೆ?

ಚಳಿ ಉತ್ತರದಿಂದ ಬರುತ್ತದೆಂಬ ನಂಬಿಕೆ ಅರ್ಧ ಸತ್ಯ. ಒಣಗಾಳಿ ಈಶಾನ್ಯದಿಂದ ಬೀಸುವುದು ಹೌದು. ಆದರೆ ರಾತ್ರಿಯ ಚಳಿಯ ಬಹುಪಾಲು ಅದೇ ಊರಿನ ನೆಲದಲ್ಲಿ ಹುಟ್ಟುವಂಥದು. ಹಗಲೆಲ್ಲ ಬಿಸಿಲು ಕುಡಿದ ಭೂಮಿ ರಾತ್ರಿ ಆ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಶಾಖದ ಒಂದಂಶವನ್ನು ನೆಲಕ್ಕೆ ಹಿಂತಿರುಗಿಸುತ್ತದೆ. ಆದ್ದರಿಂದಲೇ ಮೋಡ ಕವಿದ ರಾತ್ರಿ ಬೆಚ್ಚಗಿರುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಶಾಖವೆಲ್ಲ ಸೋರಿಹೋಗುತ್ತದೆ. ಆಗ ಮೋಡದ ಕೆಲಸವನ್ನು ಮಾಡಬಲ್ಲದ್ದು ಮರದ ಹಂದರವೊಂದೇ. ದಟ್ಟ ಹಲಸಿನ ಮರದಡಿ ಇಬ್ಬನಿ ಕಡಿಮೆ, ಪಕ್ಕದ ಬಯಲಿನ ಹುಲ್ಲು ಪೂರ್ತಿ ತೊಯ್ದಿರುತ್ತದೆ. ಹಳ್ಳಿಯ ಮಗುವೂ ಕಂಡಿರುವ ಈ ಸಂಗತಿಯಲ್ಲಿಯೇ ವಿಜ್ಞಾನದ ಇಡೀ ಪಾಠ ಅಡಗಿದೆ.

ಇನ್ನೊಂದು ಪಾಠವನ್ನು ಗುಡ್ಡದ ಜನ ಬಲ್ಲರು. ತಣ್ಣಗಿನ ಗಾಳಿ ಭಾರವಾದುದು. ನೀರಿನಂತೆ ಅದು ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ನೀಲಗಿರಿಯಲ್ಲಿಯೂ ಹಿಮ ಮೊದಲು ಕಾಣಿಸುವುದು ಕಣಿವೆಯ ತಳದಲ್ಲಿ, ಇಳಿಜಾರಿನ ನಡುವಲ್ಲ. ಆದ್ದರಿಂದ ಸಸಿಮಡಿಯನ್ನು ತಗ್ಗಿನ ಗುಂಡಿಯಂಥ ಜಾಗದಲ್ಲಿ ಮಾಡಬಾರದು. ತೋಟದ ಕೆಳಬದಿಗೆ ಗೋಡೆಯನ್ನೋ ಸಂದಿಲ್ಲದ ಬೇಲಿಯನ್ನೋ ಹಾಕಿದರೆ ಚಳಿಗಾಳಿ ಅಲ್ಲಿಯೇ ಕಟ್ಟಿ ನಿಲ್ಲುತ್ತದೆ. ಕೆಳಬದಿಯ ಬೇಲಿಯಲ್ಲಿ ಸಂದು ಇರಬೇಕು, ದಟ್ಟ ಬೇಲಿ ಮೇಲಬದಿಗೂ ಈಶಾನ್ಯಕ್ಕೂ ಇರಬೇಕು. ಹಳಬರು ಮನೆ, ಕೊಟ್ಟಿಗೆ, ತೋಟಗಳಿಗೆ ಜಾಗ ಆರಿಸುವಾಗ ಇಂಥ ಲೆಕ್ಕಗಳಿದ್ದವು. ಇಂದಿನ ಬಡಾವಣೆಯ ನಕ್ಷೆಯಲ್ಲಿ ಇರುವುದು 30–40 ಅಡಿಯ ಚೌಕಗಳು ಮಾತ್ರ.

ಬೋಳಾದದ್ದು ಹೇಗೆ?

ಸೋಗಾನೆಯ ಹೆಸರು ನಾಡಿಗೆಲ್ಲ ಪರಿಚಯವಾದದ್ದು ವಿಮಾನ ನಿಲ್ದಾಣದಿಂದ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ, ಸುಮಾರು 450 ಕೋಟಿ ರೂಪಾಯಿ ವೆಚ್ಚದ ಈ ನಿಲ್ದಾಣಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿಡಲಾಗಿದೆ. ಅದೇ ವರ್ಷದ ಆಗಸ್ಟ್ 31ರಿಂದ ವಿಮಾನ ಸಂಚಾರವೂ ಆರಂಭವಾಯಿತು. ಮಲೆನಾಡಿನ ಕಾಡನ್ನೇ ಉಸಿರಾಗಿಸಿಕೊಂಡಿದ್ದ ಕವಿಯ ಹೆಸರು ನೂರಾರು ಎಕರೆ ಬೋಳು ಬಯಲಿನ ನೆತ್ತಿಯ ಮೇಲೆ ಹೊಳೆಯುತ್ತಿದೆ. ವಿಮಾನ ಇಳಿಯುವ ದಾರಿಯಲ್ಲಿ ಎತ್ತರದ ಮರಗಳಿರಕೂಡದೆಂಬುದು ಸುರಕ್ಷತೆಯ ನಿಯಮ; ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ನಿಯಮ ಅನ್ವಯಿಸುವುದು ನಿರ್ಬಂಧಿತ ವಲಯಕ್ಕೆ. ಅದರ ನೆಪದಲ್ಲಿ, ಅದರ ಬೆನ್ನಿಗೆ ಬೆಲೆ ಏರಿದ ಸುತ್ತಲಿನ ಹೊಲಗಳೂ ನಿವೇಶನಗಳಾಗಿ ಬೋಳಾಗಬೇಕೆಂದು ಯಾವ ನಿಯಮ ಹೇಳುತ್ತದೆ? ಹೊಲದ ಬದುವಿನಲ್ಲಿದ್ದ ಹೊಂಗೆ, ನೇರಳೆ, ಮಾವುಗಳನ್ನು ಬುಲ್ಡೋಜರಿನಿಂದ ಕಿತ್ತು ಸಮತಟ್ಟು ಮಾಡಿದ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡವರು ಮೊದಲ ಪುಷ್ಯಕ್ಕೇ ಕುಂಡದ ಗಿಡ ಕಪ್ಪಾಯಿತೆಂದು ಮರುಗುತ್ತಾರೆ. ಕಪ್ಪಾಗದೆ ಇನ್ನೇನಾದೀತು? ಆ ಗಿಡದ ತಲೆಯ ಮೇಲೆ ಆಕಾಶದ ಹೊರತು ಏನೂ ಇಲ್ಲ.

ಬೋಳಾಗುವುದಕ್ಕೆ ಮರ ಕಡಿಯಲೇಬೇಕೆಂದಿಲ್ಲ. ತಪ್ಪು ಮರ ನೆಟ್ಟರೂ ಸಾಕು. ಸೋಗಾನೆಯಿಂದ ಕೂಗಳತೆಯಂತಿರುವ ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಗೆ ಕಚ್ಚಾವಸ್ತು ಒದಗಿಸಲೆಂದು 1980ರಲ್ಲಿ ಮಲೆನಾಡಿನ ಹತ್ತಾರು ಸಾವಿರ ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ನೀಡಲಾಯಿತು. ಗುಡ್ಡಗಳಿಗೆ ಅಕೇಶಿಯಾ, ನೀಲಗಿರಿ ಬಂದವು. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. 2020ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಅಕೇಶಿಯಾ ಬೇಡವೆಂದು ಶಿವಮೊಗ್ಗ ಜಿಲ್ಲೆಯಲ್ಲಿ ದನಿ ಎದ್ದಿದ್ದರೂ ಅದೇ ವರ್ಷ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಲಾಯಿತು. ಕಾಗದವಿಲ್ಲದ ಕಾರ್ಖಾನೆಗೆ ಕಾಡು ಬೇಕಾಯಿತು; ದನಕ್ಕೆ ಸೊಪ್ಪು, ತೋಟಕ್ಕೆ ದರಕು ಬೇಕೆಂದವರಿಗೆ ಬೇಲಿ ಸಿಕ್ಕಿತು.

ಅಕೇಶಿಯಾ ಕೂಡ ಎಲೆ ಉದುರಿಸುತ್ತದಲ್ಲವೇ ಎಂಬ ಮಾತಿದೆ. ಉದುರಿಸುತ್ತದೆ. ಆದರೆ ಆ ತೊಗಲಿನಂಥ ಎಲೆ ಬೇಗ ಕೊಳೆಯುವುದಿಲ್ಲ, ದನ ಮೂಸುವುದಿಲ್ಲ, ಬೇಸಿಗೆಯಲ್ಲಿ ಬೆಂಕಿಗೆ ಸಿದ್ಧವಾದ ಹಾಸಿಗೆಯಾಗಿ ಬಿದ್ದಿರುತ್ತದೆ. ಮತ್ತಿ, ಹೊನ್ನೆ, ನೇರಳೆ, ನೆಲ್ಲಿಗಳ ಮಿಶ್ರ ಎಲೆ ಮಾಡುವ ಕೆಲಸವನ್ನು ಅದು ಮಾಡಲಾರದು.

ಈ ನಾಡು ಇಂಥ ಅನ್ಯಾಯವನ್ನು ಸುಮ್ಮನೆ ಸಹಿಸಿಕೊಂಡದ್ದಿಲ್ಲ. 1983ರಲ್ಲಿ ಉತ್ತರ ಕನ್ನಡದ ಸಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತರು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಸಮುದಾಯ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಒಪ್ಪಿಸಲು ಹೊರಟಾಗ 1987ರಲ್ಲಿ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಮರಗಳನ್ನು ಹಚ್ಚಲಾಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಎಲೆಯ ಹಕ್ಕಿಗಾಗಿ ಹೋರಾಡಿದ ನಾಡಿನಲ್ಲಿ ಇಂದು ಎಲೆಯನ್ನೇ ಕಸವೆಂದು ಕರೆಯುವ ಕಾಲ ಬಂದಿದೆ.

ಎಲೆಯ ಲೆಕ್ಕ

ಎಲೆ ಕಸವಲ್ಲವೆಂಬುದನ್ನು ಅಡಿಕೆ ತೋಟದ ಚರಿತ್ರೆಯೇ ಹೇಳುತ್ತದೆ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ನೀಡಲಾಗಿತ್ತು. ಆಳುವವರಿಗೂ ಗೊತ್ತಿತ್ತು: ಬೆಟ್ಟದ ಎಲೆ ಇಲ್ಲದೆ ಕಣಿವೆಯ ತೋಟವಿಲ್ಲ. ಆ ಎಲೆ ಮೊದಲು ಕೊಟ್ಟಿಗೆಗೆ ಹಾಸಾಗಿ, ಆಮೇಲೆ ಗೊಬ್ಬರವಾಗಿ, ಕೊನೆಗೆ ಮರದ ಬುಡ ಸೇರುತ್ತಿತ್ತು. ಒಂದೇ ಎಲೆ ಚಳಿಗಾಲದಲ್ಲಿ ದನದ ಹಾಸಿಗೆ, ಬೇಸಿಗೆಯಲ್ಲಿ ಬುಡದ ನೆರಳು, ಮಳೆಗಾಲದಲ್ಲಿ ಮಣ್ಣಿನ ಕಾವಲು.

ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ದರಕು ಹೊದಿಸಿದರೆ ಆಗುವುದೇನು? ಮಣ್ಣಿನ ತೇವ ಆರುವುದಿಲ್ಲ. ತೇವವಿರುವ ಮಣ್ಣು ಒಣಮಣ್ಣಿಗಿಂತ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಹಗಲು–ರಾತ್ರಿಯ ಏರುಪೇರು ಬೇರಿಗೆ ತಟ್ಟುವುದಿಲ್ಲ. ಚಳಿಗಾಲದ ಬಾಡುವಿಕೆಯಲ್ಲಿ ಒಣಗಾಳಿಯ ಪಾಲೂ ಇರುವುದರಿಂದ ಈ ತೇವವೇ ಗಿಡದ ಜೀವ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹೊದಿಸಬೇಕು, ಇಲ್ಲವಾದರೆ ಬುಡ ಕೊಳೆಯುತ್ತದೆ. ಇಲ್ಲೊಂದು ಸೂಕ್ಷ್ಮವನ್ನೂ ಹೇಳಬೇಕು. ಬುಡದ ಹೊದಿಕೆ ಬೇರನ್ನು ಕಾಯುತ್ತದೆಯೇ ಹೊರತು ಚಿಗುರನ್ನಲ್ಲ. ಎಳೆಯ ಸಸಿಗೆ, ಮೆಣಸಿನ ನರ್ಸರಿಗೆ, ಹೂಗಿಡಕ್ಕೆ ತಲೆಯ ಮೇಲೆಯೂ ಮರೆ ಬೇಕು. ಅದಕ್ಕೆ ಅಡಿಕೆಯ ಸೋಗೆ, ತೆಂಗಿನ ಗರಿಯ ತಟ್ಟಿ, ಹಳೆಯ ಹತ್ತಿ ಸೀರೆ, ಗೋಣಿತಾಟು ಸಾಕು. ನಾಲ್ಕು ಗೂಟದ ಮೇಲೆ ಎಲೆಗೆ ತಾಗದಂತೆ ಸಂಜೆ ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯಬೇಕು. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದ ಕಡೆ ಚಳಿಯನ್ನು ತಡೆಯುವುದಿಲ್ಲ. ಬೆಳಿಗ್ಗೆ ತೆಗೆಯಲು ಮರೆತರೆ ಅದರೊಳಗೆ ಬೆವರಿದ ಗಿಡ ಬಿಸಿಲಿಗೆ ಬೆಂದು ಬೂಸುರು ಹಿಡಿಯುತ್ತದೆ.

ಕುಂಡದ ಗಿಡಗಳನ್ನು ತಾರಸಿಯಿಂದಿಳಿಸಿ, ಬಿಸಿಲು ಕುಡಿಯುವ ಗೋಡೆಯ ಮಗ್ಗುಲಿಗೆ, ಸೂರಿನಡಿ ಒತ್ತೊತ್ತಾಗಿ ಇಟ್ಟರೆ ಒಂದಕ್ಕೊಂದು ಆಸರೆಯಾಗುತ್ತವೆ. ನೀರನ್ನು ಸಂಜೆ ಎಲೆಯ ಮೇಲೆ ಎರಚದೆ ಬೆಳಿಗ್ಗೆ ಬುಡಕ್ಕೆ ಕೊಡಬೇಕು. ಈ ದಿನಗಳಲ್ಲಿ ಸವರುವುದು, ಯೂರಿಯಾ ಸುರಿದು ಎಳೆಚಿಗುರು ಎಬ್ಬಿಸುವುದು ಬೇಡ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡುತ್ತದೆಂಬ ಹಳಬರ ಮಾತಿನಂತೆ, ಕತ್ತಿ ಹಿಡಿಯಲು ಅಲ್ಲಿಯವರೆಗೆ ಕಾದರೆ ನಷ್ಟವಿಲ್ಲ.

ಇಷ್ಟು ಉಪಕಾರಿಯಾದ ಎಲೆಯನ್ನು ಸುಟ್ಟಾಗ ಅದರಲ್ಲಿದ್ದ ಸಾರಜನಕ ಹೊಗೆಯಾಗಿ ಹಾರಿಹೋಗುತ್ತದೆ. ಉಳಿಯುವ ಬೂದಿಯಲ್ಲಿ ಒಂದಿಷ್ಟು ಪೊಟ್ಯಾಷ್, ಸುಣ್ಣ ಇರುತ್ತದೆ. ಮುಂದಿನ ಮಳೆಗಾಲಕ್ಕೆ ಅದೇ ಸಾರಜನಕವನ್ನು ಚೀಲದಲ್ಲಿ ಕೊಳ್ಳಬೇಕು. ಕಾನೂನಿನ ಕಣ್ಣಿನಲ್ಲಿಯೂ ಇದು ಅಪರಾಧ. ಬಯಲಿನಲ್ಲಿ ಕಸ ಸುಡುವುದನ್ನು 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ನಿಷೇಧಿಸಿ, ಸಣ್ಣ ಪ್ರಮಾಣದ ಸುಡುವಿಕೆಗೆ 5,000 ರೂಪಾಯಿ, ದೊಡ್ಡ ಪ್ರಮಾಣದ್ದಕ್ಕೆ 25,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಆದೇಶ ಕಡತದಲ್ಲಿದೆ, ಹೊಗೆ ಬೀದಿಯಲ್ಲಿದೆ.

ಕೊಟ್ಟಿಗೆಯ ನ್ಯಾಯ

ಮಾತಾಡದ ಗಿಡಕ್ಕಿಂತಲೂ ಕೂಗಿ ಹೇಳುವ ಜೀವಗಳ ಪಾಡು ಕರುಣಾಜನಕ. ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆಯಲ್ಲಿ ನೋಂದಾಯಿತವಾಗಿರುವ ಮಲೆನಾಡು ಗಿಡ್ಡ ಈ ನೆಲದ ಮಳೆಗೂ ಚಳಿಗೂ ಒಗ್ಗಿದ ತಳಿ. ಅದನ್ನು ಮಾರಿ ಹೆಚ್ಚು ಹಾಲಿನ ಮಿಶ್ರತಳಿ ತಂದವರು ಅದರೊಂದಿಗೆ ಕೊಟ್ಟಿಗೆಯ ಮಣ್ಣುನೆಲವನ್ನೂ ಕಿತ್ತು ಸಿಮೆಂಟು ಹಾಕಿಸಿದರು. ತೊಳೆಯಲು ಅನುಕೂಲ, ನಿಜ. ಆದರೆ ಪುಷ್ಯದ ರಾತ್ರಿ ಒದ್ದೆ ಸಿಮೆಂಟಿನ ಮೇಲೆ ಮಲಗುವ ಹಸುವಿನ ಮೈಶಾಖವನ್ನೂ ಕೆಚ್ಚಲಿನ ಶಾಖವನ್ನೂ ಆ ನೆಲ ಹೀರುತ್ತದೆ. ಅದರ ಮೇಲೆ ಒಂದು ಹೆಡಿಗೆ ಒಣ ದರಕನ್ನೋ ಬೈಹುಲ್ಲನ್ನೋ ಹಾಸಿದರೆ ಸಾಕು, ದನ ಬೆಚ್ಚಗೆ ಮಲಗುತ್ತದೆ, ಗಂಜಲ ಹೀರಿಕೊಂಡ ಹಾಸು ಗೊಬ್ಬರವಾಗುತ್ತದೆ. ಹಾಸಿನ ಮೇಲ್ಪದರ ದಿನವೂ ಒಣಗಿದ್ದಿರಬೇಕೆಂಬುದೊಂದೇ ನಿಬಂಧನೆ.

ಗಾಳಿ ಬೀಸುವ ಕಡೆಗೆ ಗೋಣಿತಾಟಿನ ಪರದೆ ಇಳಿಬಿಡಬೇಕು. ಆದರೆ ಮಾಡಿನಡಿಯ ಸಂದನ್ನು ಮುಚ್ಚಬಾರದು. ಉಸಿರು, ಗಂಜಲದ ಘಾಟು ಹೊರಹೋಗದಿದ್ದರೆ ಚಳಿಯಿಂದ ಉಳಿದ ಕರು ಎದೆಯ ರೋಗಕ್ಕೆ ತುತ್ತಾಗುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ, ಕೋಳಿಗೂಡಿನಲ್ಲಿ ಕೆಂಡದ ಬಾಣಲೆ ಇಡುವುದು ಕೊಲೆಗೆ ಸಮಾನ. ಇದ್ದಿಲು ಉರಿಯುವಾಗ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಾತ್ರಿ ಒಣಮೇವು ಒಂದು ಹಿಡಿ ಹೆಚ್ಚಾಗಿರಲಿ. ಅದು ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟುವ ಶಾಖವೇ ದನದ ಒಳಗಿನ ಒಲೆ. ಆಗತಾನೆ ಹುಟ್ಟಿದ ಕರುವಿನ ಮೈಯನ್ನು ಒಣಹುಲ್ಲಿನಿಂದ ಉಜ್ಜಿ ಒರೆಸಿ, ಒಂದೆರಡು ತಾಸಿನೊಳಗೆ ಗಿಣ್ಣುಹಾಲು ಕುಡಿಸಬೇಕು. ಕೋಳಿಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಬಹುದು. ತಾಯಿಕೋಳಿಯ ರೆಕ್ಕೆಯಿದ್ದರೆ ಈ ಲೆಕ್ಕವೂ ಬೇಡ. ಬೀದಿನಾಯಿ ರಾತ್ರಿ ಬೂದಿಗುಡ್ಡೆಯಲ್ಲಿ ಮುದುಡುವ ಬದಲು ಜಗಲಿಯ ಮೂಲೆಯ ಹಳೆಯ ಗೋಣಿಯ ಮೇಲೆ ಮಲಗಿದರೆ ಮನೆಗೇನೂ ನಷ್ಟವಿಲ್ಲ.

ಯಾರ ಲೆಕ್ಕಕ್ಕೂ ಬಾರದ ಜೀವಗಳು ಇನ್ನೂ ಇವೆ. ಅರಣೆ, ಕಪ್ಪೆ, ಓತಿಕೇತಗಳಿಗೆ ಸ್ವಂತ ಮೈಶಾಖವಿಲ್ಲ. ಸುತ್ತಲಿನ ಬಿಸುಪೇ ಅವುಗಳ ಬಿಸುಪು. ಚಳಿಯಲ್ಲಿ ಮರಗಟ್ಟಿದಂತಾಗಿ ಎಲೆಯ ರಾಶಿಯಲ್ಲಿ ಅಡಗುತ್ತವೆ. ಎರೆಹುಳು, ಸಹಸ್ರಪದಿ, ಜೇಡ, ನೂರಾರು ಬಗೆಯ ಕೀಟಗಳ ಮರಿಗಳಿಗೂ ಅದೇ ಮನೆ. ಮುಂಜಾನೆ, ಅವು ಅತ್ಯಂತ ನಿಧಾನವಾಗಿರುವ ಹೊತ್ತಿನಲ್ಲಿಯೇ ರಾಶಿಗೆ ಬೆಂಕಿ ಬೀಳುತ್ತದೆ. ಓಡಲಾರದವರ ಮನೆಗೆ ಬೆಂಕಿ ಇಟ್ಟು ಕೈಕಾಯಿಸಿಕೊಳ್ಳುವುದಕ್ಕೆ ಯಾವ ಧರ್ಮದಲ್ಲಿ ಸಮ್ಮತಿಯಿದೆ? ಮುಂದಿನ ಮಳೆಗಾಲದಲ್ಲಿ ತೋಟದ ಹುಳುಗಳನ್ನು ತಿನ್ನಬೇಕಾದ ಕಪ್ಪೆ ಆ ಬೂದಿಯಲ್ಲಿದೆ.

ಆಕ್ಷೇಪಗಳು

ಎಲೆಯ ಪರವಾಗಿ ಮಾತಾಡಿದರೆ ಏಳುವ ಮೊದಲ ಪ್ರಶ್ನೆ ಹಾವಿನದು. ಪ್ರಶ್ನೆ ನ್ಯಾಯವಾದದ್ದು, ಉತ್ತರ ಬೆಂಕಿಯಲ್ಲ. ಎಲೆರಾಶಿಯನ್ನು ಮನೆಯ ಗೋಡೆಗೆ ಒತ್ತಿ ಹಾಕದೆ ತೋಟದ ಮೂಲೆಯ ಗುಂಡಿಯಲ್ಲಿ ಹಾಕಬೇಕು. ಬರಿಗೈಯಿಂದ ಕೆದಕದೆ ಉದ್ದ ಹಿಡಿಕೆಯ ಸಲಕರಣೆ ಬಳಸಬೇಕು. ಅಂಗಳ ಚೊಕ್ಕಟವಾಗಿಯೇ ಇರಲಿ. ಹೊದಿಕೆ ಬೇಕಿರುವುದು ಗಿಡದ ಬುಡಕ್ಕೆ, ಹೊಸ್ತಿಲಿಗಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಮರಿ ಉಣುಗುಗಳು ಕಾಡಿನ ಒಣಎಲೆಯಲ್ಲಿ ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ದರಕು ತರುವ ಕಾಲದಲ್ಲಿಯೇ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಆದ ಸಾವುಗಳನ್ನು ಮಲೆನಾಡು ಮರೆತಿಲ್ಲ. ಆದ್ದರಿಂದ ಕಾಯಿಲೆಯ ಸುಳಿವಿರುವ ಕಾಡಿನಿಂದ ಈ ತಿಂಗಳುಗಳಲ್ಲಿ ಎಲೆ ತಂದು ಕೊಟ್ಟಿಗೆಗೆ ಹಾಸಬಾರದು. ಕಾಡಿಗೆ ಹೋಗಲೇಬೇಕಾದವರು ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಂಡು, ಮೈಮುಚ್ಚುವ ಬಟ್ಟೆ ತೊಟ್ಟು ಹೋಗಿ, ಬಂದೊಡನೆ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ ಮಾಡಬೇಕು. ಇಲ್ಲಿ ಎಲೆಯ ಪರವಾದ ವಾದ ಸೋಲುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಕಾಡಿನ ಎಲೆಗೆ ಕೈಹಾಕದಿರಬೇಕಾದರೆ ಸ್ವಂತ ತೋಟದ ಅಂಚಿನಲ್ಲಿಯೇ ಎಲೆ ಹುಟ್ಟಬೇಕು. ಮನೆಯಂಗಳದ ಮಾವು–ಹಲಸಿನ ಎಲೆಯನ್ನು ಸುಟ್ಟು, ದನದ ಹಾಸಿಗಾಗಿ ಉಣುಗಿನ ಕಾಡಿಗೆ ಹೆಂಗಸರನ್ನು ಕಳುಹಿಸುವುದಕ್ಕಿಂತ ಕ್ರೂರವಾದ ಮೂಢತನ ಇನ್ನೊಂದಿಲ್ಲ.

ಮೂರನೆಯದು ಕೂಲಿಯ ಮಾತು: ಆಳು ಸಿಗುವುದಿಲ್ಲ, ಸುಡುವುದು ಸುಲಭ. ಗುಡಿಸಿ ರಾಶಿ ಹಾಕಲು ಆಳು ಸಿಗುವುದಾದರೆ, ಆ ರಾಶಿಯನ್ನು ಹತ್ತು ಮಾರು ದೂರದ ಗಿಡದ ಬುಡಕ್ಕೆ ಒಯ್ಯಲು ಮಾತ್ರ ಸಿಗದೇ? ಸುಡುವುದರಲ್ಲಿ ಉಳಿಯುವುದು ಶ್ರಮವಲ್ಲ, ಯೋಚನೆ.

ಆಗಬೇಕಾದದ್ದು

ಮನೆಮನೆಯ ವಿವೇಕವೊಂದರಿಂದಲೇ ಊರು ಹಸಿರಾಗುವುದಿಲ್ಲ. ಆಳುವವರೂ ಹೊಣೆ ಹೊರಬೇಕು. ಗ್ರಾಮ ಪಂಚಾಯಿತಿ ಮತ್ತು ನಗರಾಡಳಿತಗಳು ರಸ್ತೆಬದಿಯ ಎಲೆಯನ್ನು ಸುಡಿಸುವುದನ್ನು ನಿಲ್ಲಿಸಿ, ಬಡಾವಣೆಗೊಂದು ಎಲೆಗೊಬ್ಬರದ ಗುಂಡಿ ಮಾಡಿಸಬೇಕು. ಹೊಸ ಬಡಾವಣೆಗೆ ಅನುಮತಿ ನೀಡುವಾಗ ಬದುವಿನ ಹಳೆಯ ಮರಗಳನ್ನು ಉಳಿಸಿಕೊಳ್ಳುವ ಷರತ್ತು ಕಾಗದದಲ್ಲಿಯೂ ನೆಲದಲ್ಲಿಯೂ ಇರಬೇಕು. ವಿಮಾನ ನಿಲ್ದಾಣದ ನಿರ್ಬಂಧಿತ ವಲಯದಲ್ಲಿ ಎಷ್ಟು ಮರಗಳಿಗೆ ಜಾಗವಿಲ್ಲವೋ ಅಷ್ಟನ್ನೂ ಅದರಾಚೆಯ ಸೋಗಾನೆಯ ರಸ್ತೆ, ಕೆರೆಯಂಚು, ಶಾಲೆಗಳಲ್ಲಿ ಬೆಳೆಸಿ ಋಣ ತೀರಿಸಬೇಕು. ಕಾರ್ತಿಕ–ಪುಷ್ಯಗಳಲ್ಲಿಯೂ ಎಲೆ ತುಂಬಿರುವ ಹಲಸು, ಮಾವು, ನೇರಳೆ, ಸುರಹೊನ್ನೆ, ರಂಜಗಳಿಗೆ ಆದ್ಯತೆ ಸಿಗಬೇಕು. ಚಳಿಗಾಲದಲ್ಲಿ ಬರಲಾಗಿ ನಿಲ್ಲುವ ಮರ ಚಳಿಗೆ ಮಾಡಾಗದು. ಬೇಲಿಗೆ ಗೊಬ್ಬರದ ಗಿಡ ಸೇರಿದರೆ ಸೊಪ್ಪೂ ಆಯಿತು, ಮರೆಯೂ ಆಯಿತು. ನಿಂತ ಕಾರ್ಖಾನೆಯ ಹೆಸರಿನಲ್ಲಿ ಹಿಡಿದಿಟ್ಟ ಗುಡ್ಡಗಳು ಅಕೇಶಿಯಾದಿಂದ ಬಿಡುಗಡೆಗೊಂಡು ಮತ್ತೆ ಮಿಶ್ರ ಕಾಡಾಗಬೇಕು.

ವಿದ್ಯಾರ್ಥಿಗಳ ಪಾಲಿಗೂ ಒಂದು ಕೆಲಸವಿದೆ. ಈ ಲೇಖನದ ಮಾತನ್ನೂ ಅವರು ಕುರುಡಾಗಿ ನಂಬಬೇಕಿಲ್ಲ. ಕನಿಷ್ಠ ಉಷ್ಣಾಂಶ ತೋರಿಸುವ ಎರಡು ಉಷ್ಣಮಾಪಕಗಳನ್ನು ಒಂದೇ ಎತ್ತರದಲ್ಲಿ, ಒಂದನ್ನು ದಟ್ಟ ಮರದಡಿ, ಇನ್ನೊಂದನ್ನು ತೆರೆದ ಬಯಲಿನಲ್ಲಿ ತೂಗುಹಾಕಿ, ಡಿಸೆಂಬರ್ ಒಂದರಿಂದ ಶಿವರಾತ್ರಿಯವರೆಗೆ ದಿನವೂ ಬೆಳಿಗ್ಗೆ ಬರೆದಿಡಬೇಕು. ದರಕು ಹೊದಿಸಿದ ಮಡಿ, ಬೋಳು ಮಡಿಗಳ ಮಣ್ಣನ್ನು ಹಿಡಿಯಲ್ಲಿ ಹಿಂಡಿ ತೇವ ನೋಡಬೇಕು. ಒಂದು ಶಾಲೆಯ ಒಂದು ಚಳಿಗಾಲದ ಇಂಥ ಪುಸ್ತಕ ಪಂಚಾಯಿತಿಯ ಮೇಜಿನ ಮೇಲೆ ಬಿದ್ದರೆ, ಅದಕ್ಕೆ ಹತ್ತು ಮನವಿಪತ್ರಗಳ ಬಲವಿರುತ್ತದೆ.

ಚಳಿ ಪ್ರತಿ ವರ್ಷವೂ ಬರುತ್ತದೆ, ಬರಲೇಬೇಕು. ಮಾವಿಗೆ ಹೂ ಕಟ್ಟುವುದಕ್ಕೂ ಅದು ಬೇಕು. ಮರ ಅದನ್ನು ಮೊದಲೇ ಬಲ್ಲದು. ಆದ್ದರಿಂದಲೇ ಚಳಿಗೆ ಮುನ್ನ, ಚಳಿಯ ಜತೆಜತೆಗೆ ಎಲೆಯನ್ನು ನೆಲಕ್ಕಿಳಿಸುತ್ತದೆ. ನಾಳೆ ಬೆಳಿಗ್ಗೆ ಸೋಗಾನೆಯ ಅಂಗಳಗಳಲ್ಲಿ ಕಡ್ಡಿಪೆಟ್ಟಿಗೆ ಕೈಗೆತ್ತಿಕೊಳ್ಳುವವರು ಒಂದು ಗಳಿಗೆ ತಡೆದು, ಆ ರಾಶಿಯನ್ನು ಹೆಡಿಗೆಗೆ ತುಂಬಿ ಹತ್ತಿರದ ಗಿಡದ ಬುಡಕ್ಕೋ ಕೊಟ್ಟಿಗೆಗೋ ಒಯ್ದರೆ ಸಾಕು. ಚಳಿಯ ವಿರುದ್ಧದ ಕಾವಲು ಅಲ್ಲಿಂದಲೇ ಆರಂಭವಾಗುತ್ತದೆ.